ಆ ಮಗುವನ್ನು ಮುಟ್ಟಿದವಳು

2018ರ ಸೆಪ್ಟೆಂಬರ್ 13, ಗುರುವಾರ, ಬೆಳಗ್ಗೆ 11 ಗಂಟೆ 20 ನಿಮಿಷಕ್ಕೆ ಅಕ್ಕ ಆ ಮಗುವಿನ ಕಿವಿಯ ಮೂಳೆಗೆ ಡ್ರಿಲ್ ಇಟ್ಟಳು. ಹೊತ್ತನ್ನು ಇಷ್ಟು ನಿಖರವಾಗಿ ಹೇಳಲು ಆಗುತ್ತಿರುವುದು ಆ ಯಂತ್ರದಿಂದ. ತಾನು ಯಾವಾಗ ತಿರುಗಿದೆ, ಯಾವಾಗ ನಿಂತೆ ಎಂಬುದನ್ನು ಅದು ತನ್ನೊಳಗೇ ಇಟ್ಟುಕೊಳ್ಳುತ್ತದೆ. ಅಂದು ಅದು ಎರಡು ನಿಮಿಷ ತಿರುಗಿ ನಿಂತಿದೆ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ತಿರುಗಿದೆ. ನಡುವೆ ಏನಾಯಿತು ಎಂಬುದು ಯಂತ್ರಕ್ಕೆ ಗೊತ್ತಿಲ್ಲ.

ಮಗು ನಿಯಾಂಡರ್ತಾಲ್ ಮಗು. ಸುಮಾರು ನಲವತ್ತೆಂಟು ಸಾವಿರ ವರ್ಷಗಳ ಹಿಂದೆ, ಮೂರು ತುಂಬುವ ವಯಸ್ಸಿನಲ್ಲಿ, ಒಂದು ಗುಹೆಯಲ್ಲಿ ತೀರಿಕೊಂಡಿತ್ತು. ಹಳೆಯ ಮೂಳೆಗಳ ಡಿಎನ್‌ಎ ಓದುವ ನಮ್ಮ ಸಂಸ್ಥೆಗೆ ಬಂದದ್ದು ಅದರ ಎಡಗಿವಿಯ ಹತ್ತಿರದ ಒಂದು ತುಂಡು, ಹೆಬ್ಬೆರಳ ತುದಿಯಷ್ಟು. ಮೈಯಲ್ಲಿ ಅದಕ್ಕಿಂತ ಗಟ್ಟಿ ಮೂಳೆ ಇನ್ನೊಂದಿಲ್ಲ. ಹಳೆಯ ಡಿಎನ್‌ಎ ಉಳಿಯುವುದಿದ್ದರೆ ಅಲ್ಲೇ ಉಳಿಯುತ್ತದೆ. ಅದರೊಳಗೆ ಶಂಖದಂತೆ ಸುತ್ತಿಕೊಂಡ ಒಂದು ಗೂಡಿದೆ. ನಮಗೆ ಕಿವಿ ಕೇಳಿಸುವುದು ಅದರಿಂದ. ಕೈಕಾಲು, ತಲೆಬುರುಡೆ ಎಲ್ಲವೂ ಹುಟ್ಟಿದ ಮೇಲೆ ವರ್ಷಗಟ್ಟಲೆ ಬೆಳೆಯುತ್ತವೆ. ಆ ಗೂಡು ಮಾತ್ರ ತಾಯಿಯ ಹೊಟ್ಟೆಯಲ್ಲಿರುವಾಗಲೇ ಬೆಳೆದು ಮುಗಿದಿರುತ್ತದೆ.

ಮೂಳೆ ಬಂದ ದಿನ ಅಕ್ಕ ಊಟದ ಡಬ್ಬಿ ಹಿಡಿದು ಮೂರನೇ ಮಹಡಿಗೆ, ನನ್ನ ಮೇಜಿನ ಹತ್ತಿರ ಬಂದಿದ್ದಳು.

"ಒಂದೇ ಕಿವಿ ಸಿಕ್ಕಿದೆ ಕಣೇ," ಎಂದಳು. "ಪಾಪ, ಈ ಕಿವೀಲಿ ಕೇಳಿ ಆ ಕಿವೀಲಿ ಬಿಡೋಣ ಅಂದ್ರೆ ಆ ಕಿವಿನೇ ಇಲ್ಲ. ಹೇಳಿದ್ದೆಲ್ಲ ಒಳಗೇ ಉಳಿಯುತ್ತೆ."

"ನಿನಗೆ ಹೇಳಿ ಮಾಡಿಸಿದ ಮಗು," ಎಂದೆ.

ಮನೆಯಲ್ಲಿ ಅವಳ ಹೆಸರು ರೇಡಿಯೋ. ನನ್ನದು ಗುಮ್ಮಿ, ಗುಮ್ಮನಗುಸಕಿ ಎನ್ನುವುದರ ಅರ್ಧ. ಹೆಸರಿಟ್ಟವಳೂ ಅವಳೇ. ಅಂಥ ಮಾತುಗಾತಿ ಆರಿಸಿಕೊಂಡದ್ದು ಮಾತಾಡಲೇಬಾರದ ಕೆಲಸ. ಮೂಳೆ ಕೊರೆಯುವ ಕೊಠಡಿಗೆ ಹೋಗುವವರು ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು, ಎರಡು ಜೊತೆ ಗ್ಲೌಸು, ಮಾಸ್ಕು, ಅದರ ಮೇಲೆ ಮುಖಕ್ಕೊಂದು ಪಾರದರ್ಶಕ ಪರದೆ ಹಾಕಿಕೊಳ್ಳಬೇಕು. ಒಳಗೆ ಬ್ಲೀಚಿನ ವಾಸನೆ. ಮಾತು ನಿಷಿದ್ಧ. ಅಷ್ಟು ಹಳೆಯ ಮೂಳೆಯಲ್ಲಿ ಉಳಿದಿರುವ ಡಿಎನ್‌ಎ ಎಷ್ಟು ಕಡಿಮೆಯೆಂದರೆ, ನಮ್ಮ ಬಾಯಿಂದ ಹಾರಿದ ಒಂದು ಹನಿ ಅದನ್ನು ಮುಳುಗಿಸಿಬಿಡುತ್ತದೆ.

ನಾನು ಆ ಕೊಠಡಿಯೊಳಗೆ ಒಮ್ಮೆಯೂ ಕಾಲಿಟ್ಟವಳಲ್ಲ. ಅವರು ಕೆಳಗೆ ಕೊರೆದು, ಪುಡಿ ಮಾಡಿ, ಯಂತ್ರದಲ್ಲಿ ಓದಿಸಿದ್ದನ್ನು ಮೇಲೆ ಕೂತು ಲೆಕ್ಕ ಹಾಕುವುದು ನನ್ನ ಕೆಲಸ.

ಅಕ್ಕ ಎಂದರೆ ದೊಡ್ಡಪ್ಪನ ಮಗಳು. ನನಗೆ ನಾಲ್ಕು ತುಂಬುವ ಮೊದಲೇ ಅಮ್ಮ ಹೋದಳು. ಅಪ್ಪನದು ಊರೂರು ತಿರುಗುವ ಕೆಲಸ. ದೊಡ್ಡಮ್ಮ ನನ್ನನ್ನು ಎತ್ತಿಕೊಂಡು ಹೋಗಿ ಅಕ್ಕನ ಮಂಚದಲ್ಲೇ ಮಲಗಿಸಿದರು. ಅಮ್ಮನ ಮುಖ ನನಗೆ ಫೋಟೋದಲ್ಲಿ ಗೊತ್ತು, ಅಷ್ಟೆ. ಆಗ ಹನ್ನೊಂದು ವರ್ಷದವಳಾಗಿದ್ದ ಅಕ್ಕನಿಗೆ ನೆನಪಿತ್ತು. "ಚಿಕ್ಕಮ್ಮ ನಗುವಾಗ ಬಾಯಿಗೆ ಕೈ ಅಡ್ಡ ಹಿಡೀತಿದ್ರು, ಥೇಟ್ ನಿನ್ನ ಹಾಗೆ," ಎನ್ನುತ್ತಿದ್ದಳು. ನಾನು ಹಾಗೆ ನಗುತ್ತೇನೆಂಬುದೇ ನನಗೆ ಅವಳು ಹೇಳಿದ ಮೇಲೆ ಗೊತ್ತಾದದ್ದು.

2017ರಲ್ಲಿ ಅವಳಿಗೆ ರಕ್ತದ ಕ್ಯಾನ್ಸರ್ ಬಂತು. ಔಷಧಿಗೆ ಬಗ್ಗಲಿಲ್ಲ. ಬೇರೆಯವರ ಅಸ್ಥಿಮಜ್ಜೆ, ಮೂಳೆಯೊಳಗೆ ರಕ್ತ ಹುಟ್ಟುವ ಆ ತಿರುಳು, ಹಾಕಬೇಕು ಎಂದರು. ಪರೀಕ್ಷೆಯಲ್ಲಿ ನನ್ನದು ಅರ್ಧ ಹೊಂದಿತು. ಈಗಿನ ವಿಧಾನಕ್ಕೆ ಅರ್ಧ ಸಾಕು.

"ಸ್ವಂತ ತಂಗಿನಾ?" ಎಂದು ಡಾಕ್ಟರು ಕೇಳಿದರು.

"ಚಿಕ್ಕಪ್ಪನ ಮಗಳು," ಎಂದಳು ಅಕ್ಕ.

"ಓ, ಕಸಿನ್."

"ಆ ಪದ ನಮ್ಮ ಭಾಷೇಲಿ ಇಲ್ಲ ಡಾಕ್ಟ್ರೇ. ಇರೋದು ಎರಡೇ. ತಂಗಿ, ಇಲ್ಲಾ ದಾಯಾದಿ. ನಾನು ತಂಗಿ ಅಂತ ಇಟ್ಕೊಂಡಿದೀನಿ. ಆಸ್ತಿ ಗೀಸ್ತಿ ಇದ್ದಿದ್ರೆ ನೋಡಬಹುದಿತ್ತು."

ನಾನು ಮಜ್ಜೆ ಕೊಟ್ಟು ನಾಲ್ಕು ತಿಂಗಳಾದ ಮೇಲೆ ಅದೇ ಡಾಕ್ಟರು ನನಗೆ ಒಂದು ಹಾಳೆ ತೋರಿಸಿ, "ಈಗ ನಿಮ್ಮಕ್ಕನ ಮೈಯಲ್ಲಿ ಓಡ್ತಿರೋ ರಕ್ತ ಪೂರ್ತಿ ನಿಮ್ಮದೇ," ಎಂದರು. ಮನೆಯಲ್ಲಿ ಅದೊಂದು ದೊಡ್ಡ ತಮಾಷೆಯಾಯಿತು. "ಗುಮ್ಮಿ ರಕ್ತ ಬಂದ್ಮೇಲೆ ನನಗೂ ಮಾತು ಕಮ್ಮಿ ಆಗಿದೆ ನೋಡಮ್ಮ," ಎಂದು ಅಕ್ಕ ಹೇಳಿದರೆ ದೊಡ್ಡಮ್ಮ, "ಎಲ್ಲಿ, ಹೊಸ ಬ್ಯಾಟರಿ ಹಾಕಿದ ಹಾಗಾಗಿದೆ," ಎನ್ನುತ್ತಿದ್ದರು.

ಚೇತರಿಸಿಕೊಂಡು ಅವಳು ಕೆಲಸಕ್ಕೆ ಮರಳಿದಳು. ಮಗುವಿನ ಮೂಳೆ ಕೊರೆದದ್ದು ಆಗ.

ಅಕ್ಟೋಬರಿನಲ್ಲಿ ಮೊದಲ ಲೆಕ್ಕ ಬಂತು. ನಿಯಾಂಡರ್ತಾಲರನ್ನು ಪಠ್ಯಪುಸ್ತಕಗಳು ನಮ್ಮ ದಾಯಾದಿಗಳು ಎನ್ನುತ್ತವೆ. ಒಂದೇ ಮೂಲದಿಂದ ಬೇರೆಯಾಗಿ, ಲಕ್ಷಾಂತರ ವರ್ಷ ತಮ್ಮ ಪಾಡಿಗೆ ತಾವು ಬದುಕಿ, ನಮ್ಮವರು ಆ ನಾಡುಗಳಿಗೆ ಕಾಲಿಟ್ಟ ಕೆಲವೇ ಸಾವಿರ ವರ್ಷಗಳಲ್ಲಿ ಇಲ್ಲವಾದರು. ಪೂರ್ತಿ ಇಲ್ಲವಾಗಲಿಲ್ಲ, ಇಂದಿನ ಬಹುಪಾಲು ಜನರ ಮೈಯಲ್ಲಿ ನೂರಕ್ಕೆ ಎರಡು ಪಾಲು ಅವರದಿದೆ. ಆದ್ದರಿಂದ ಪ್ರತಿ ಮಾದರಿಯಲ್ಲೂ ನಾವು ಮೊದಲು ನೋಡುವುದು, ಓದಿದ ತುಣುಕುಗಳಲ್ಲಿ ಅವರದೆಷ್ಟು, ನಮ್ಮಂಥ ಮನುಷ್ಯರದೆಷ್ಟು ಎಂದು. ಎರಡನೆಯದಕ್ಕೆ ನಮ್ಮ ಲೆಕ್ಕದಲ್ಲಿ "ನಮ್ಮ ಪಾಲು" ಎಂದು ಹೆಸರು. ಸಾಮಾನ್ಯವಾಗಿ ಅದು ಕೊಳೆ, ಯಾರೋ ಮುಟ್ಟಿದ್ದರ ಗುರುತು. ಈ ಮಗುವಿನಲ್ಲಿ ನಮ್ಮ ಪಾಲು ಶೇಕಡಾ 6.3 ಇತ್ತು.

ಮುಟ್ಟಿದ್ದು ಯಾರು? ತಾಯಿಯಿಂದಲೇ ಮಕ್ಕಳಿಗೆ ಬರುವ ಒಂದು ಡಿಎನ್‌ಎ ಎಳೆ ಇದೆ. ಅಪ್ಪನಿಗೆ ಅದರಲ್ಲಿ ಪಾಲಿಲ್ಲ. ನಮ್ಮ ಪಾಲಿನಲ್ಲಿದ್ದ ಆ ಎಳೆಯನ್ನು ಅಕ್ಕ, ಮೂಳೆ ಮುಟ್ಟಿದವರ ಮತ್ತು ಕೊಠಡಿಗೆ ಹೋಗುವ ಎಲ್ಲರ ಎಳೆಯ ಜೊತೆ ಹೋಲಿಸಿದಳು. ಅಗೆದವರದು, ಸಾಗಿಸಿದವರದು, ತನ್ನದು. ಯಾರದೂ ಹೊಂದಲಿಲ್ಲ. ಎರಡನೇ ಸಲ, ಮೂರನೇ ಸಲ ನೋಡಿದಳು. ಹೆಣ್ಣು ಎಂಬುದಷ್ಟೇ ಖಾತ್ರಿಯಾಯಿತು.

ಮಹಡಿ ಹತ್ತಿ ಬಂದಾಗ ಅವಳಿಗೆ ಏದುಸಿರು.

"ಅಗೆದಾಗ ಬಂದಿದ್ದಲ್ಲ, ಇಲ್ಲಿ ಬಂದಿದ್ದೂ ಅಲ್ಲ. ಹಾಗಾದ್ರೆ ಯಾವಾಗ ಬಂತು?"

"ನೀನೇ ಹೇಳು."

"ಆಗಲೇ ಬಂದಿದ್ರೆ?" ಧ್ವನಿ ತಗ್ಗಿಸಿದಳು, ಅದು ಅವಳ ಅಭ್ಯಾಸವಲ್ಲ. "ಮಗು ಅವರದು. ಆದ್ರೆ ನಮ್ಮವಳೊಬ್ಬಳು ಅದನ್ನ ಮುಟ್ಟಿದಾಳೆ ಗುಮ್ಮಿ. ಎತ್ಕೊಂಡಿದ್ಲೋ, ಮಣ್ಣು ಮಾಡಿದ್ಲೋ. ಕೈ ಗಾಯ ಆಗಿತ್ತೋ, ಅತ್ತಿದ್ಲೋ. ಬೇರೆಯವರ ಮಗುಗೆ."

ತುಣುಕುಗಳು ತೀರ ಕಡಿಮೆ, ಹಳೆಯವೋ ಹೊಸವೋ ಹೇಳಲಾಗದು ಎಂದು ನಾನು ಎಚ್ಚರಿಸಿದೆ. ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಡಿಎನ್‌ಎ ಹಳೆಯದಾದಂತೆ, ಬಹಳ ವರ್ಷ ಉಟ್ಟ ಬಟ್ಟೆಯ ಅಂಚಿನ ಹಾಗೆ, ತುದಿಗಳಲ್ಲಿ ಸವೆಯುತ್ತದೆ. ಆ ಸವೆತವನ್ನು ಅಳೆಯಲು ಇನ್ನಷ್ಟು ಪುಡಿಯನ್ನು ಓದಿಸಬೇಕು. ಪುಡಿ ಇದ್ದದ್ದು ಸ್ವಲ್ಪವೇ. ಯಂತ್ರಕ್ಕೆ ಸರದಿ ಸಿಗುವಷ್ಟರಲ್ಲಿ ಅವಳ ಕಾಯಿಲೆ ಮರುಕಳಿಸಿತು.

ಆಸ್ಪತ್ರೆಯಲ್ಲಿ ಅವಳು ಆ ಹೆಂಗಸಿನ ಬಗ್ಗೆಯೇ ಮಾತಾಡುತ್ತಿದ್ದಳು. ದೊಡ್ಡಮ್ಮನಿಗೂ ಕಥೆ ಬಾಯಿಪಾಠವಾಗಿತ್ತು. ಉಸಿರಿಗೆ ಕೊಳವೆ ಹಾಕುವ ಹಿಂದಿನ ಮಧ್ಯಾಹ್ನ ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಅವಳನ್ನ ಬಿಡಬೇಡ. ಯಾರು ಅಂತ ಹುಡುಕು."

"ನೀನೇ ಬಂದು ಹುಡುಕು."

"ನನ್ನ ಮಾತು ಒಂದು ಕಿವೀಲಿ ಕೇಳಿ ಇನ್ನೊಂದು ಕಿವೀಲಿ ಬಿಡ್ತೀಯ ನೀನು," ಎಂದಳು. "ಆ ಮಗು ವಾಸಿ."

ಕೊಳವೆ ಹಾಕಿದ ಮೇಲೆ ರೇಡಿಯೋ ಮತ್ತೆ ಹಾಡಲಿಲ್ಲ. ಮೇ ತಿಂಗಳಲ್ಲಿ ಹೋದಳು.

ಜುಲೈಯಲ್ಲಿ ಸಂಸ್ಥೆಯ ಮುಖ್ಯಸ್ಥರು ನನ್ನನ್ನು ಕರೆದರು. ಅಕ್ಕನ ಲೇಖನವನ್ನು ನಾನೇ ಮುಗಿಸಬೇಕೆಂದರು. ಆ ಹೆಂಗಸಿನ ತುಣುಕುಗಳಲ್ಲಿ ಸವೆತ ಸಿಕ್ಕರೆ ಅಕ್ಕನ ಹೆಸರು ಮೊದಲು ಹಾಕಿ ಪ್ರಕಟಿಸುವುದು. ಸಿಗದಿದ್ದರೆ ಬರೀ ಮಗುವಿನ ವಿಷಯ ಬರೆಯುವುದು. ದೊಡ್ಡಮ್ಮನಿಗೆ ಹೇಳಿದಾಗ ಅವರು ಮಾಡಿದ ಮೊದಲ ಕೆಲಸ ಅಕ್ಕನ ಫೋಟೋದ ಗಾಜು ಒರೆಸಿದ್ದು. "ಮುಟ್ಟಿದವಳು ಸಿಗ್ಲಿ," ಎಂದರು. "ಇವಳು ಸುಮ್ಮನೆ ಹೋಗ್ಲಿಲ್ಲ ಅಂತಾದ್ರೂ ಆಗುತ್ತೆ."

ಪುಡಿಯ ಒಂದು ಪಾಲನ್ನು ಓದಿಸಿದೆವು. ಮಗುವಿನ ತುಣುಕುಗಳ ತುದಿಗಳು ಸವೆದಿದ್ದವು, ನಲವತ್ತೆಂಟು ಸಾವಿರ ವರ್ಷಕ್ಕೆ ಎಷ್ಟು ಸವೆಯಬೇಕೋ ಅಷ್ಟು. ಆ ಹೆಂಗಸಿನ ತುದಿಗಳು ಸವೆದಿರಲಿಲ್ಲ. ನಿನ್ನೆ ಮೊನ್ನೆಯವಳು. ನಾನು ಲೆಕ್ಕವನ್ನು ಬೇರೆ ಬೇರೆ ರೀತಿ ಮಾಡಿದೆ. ಅದು ಬದಲಾಗಲಿಲ್ಲ.

"ಹೊರಗಿನವರು ಯಾರೋ ಇರಬೇಕು," ಎಂದರು ಮುಖ್ಯಸ್ಥರು. "ಡಬ್ಬಿ ತಯಾರಿಸಿದ ಕಾರ್ಖಾನೆಯವರೂ ಆಗಬಹುದು. ಇದನ್ನ ಇಲ್ಲಿಗೆ ಬಿಡಿ."

ಹುಡುಕು ಎಂದಿದ್ದಳು ಅಕ್ಕ. ಬಿಡಲು ಮನಸ್ಸಾಗಲಿಲ್ಲ. ಆದರೆ ಎಲ್ಲಿ ಹುಡುಕಬೇಕೆಂದೂ ತಿಳಿಯಲಿಲ್ಲ.

ಆ ಭಾನುವಾರ ದೊಡ್ಡಮ್ಮ ಬಚ್ಚಲುಮನೆಯಲ್ಲಿ ಅಕ್ಕನ ಗೂಡು ಖಾಲಿ ಮಾಡುತ್ತಿದ್ದರು. ಮೂರು ತಿಂಗಳಿಂದ ಮುಂದೂಡಿದ್ದ ಕೆಲಸ. ನಾನು ಬಾಗಿಲ ಹತ್ತಿರ ಚೀಲ ಹಿಡಿದು ನಿಂತಿದ್ದೆ. ಹಲ್ಲುಜ್ಜುವ ಬ್ರಷ್ಷೊಂದನ್ನು ಅವರು ಚೀಲಕ್ಕೆ ಹಾಕಲಿಲ್ಲ. ಮಕ್ಕಳದು, ತೀರ ಮೆದು. ಎಳೆಗಳ ಬುಡ ಕಂದುಗಟ್ಟಿತ್ತು.

"ಎಷ್ಟು ಮೆದುವಾಗಿದ್ರೂ ಒಸಡಲ್ಲಿ ರಕ್ತ ಬರೋದು," ಎಂದರು. "ಮಜ್ಜೆ ಹಾಕಿದಾಗಿಂದ ಹಾಗೇ. ಬಾಯಿ ತುಂಬ ಹುಣ್ಣು. ಉಗುಳಿ ಉಗುಳಿ ನಗೋಳು. ಅಯ್ಯೋ, ಗುಮ್ಮಿ ರಕ್ತ ದಂಡ ಮಾಡ್ತಿದೀನಲ್ಲಮ್ಮ, ಅನ್ನೋಳು."

ನಾನು ಚೀಲವನ್ನು ನೆಲದ ಮೇಲಿಟ್ಟೆ.

ಸಂಸ್ಥೆಯಲ್ಲಿರುವ ಅಕ್ಕನ ಡಿಎನ್‌ಎ ಅವಳು ಕೆಲಸಕ್ಕೆ ಸೇರಿದಾಗ ಕೊಟ್ಟದ್ದು, ಕಾಯಿಲೆಗೆ ಎಷ್ಟೋ ವರ್ಷ ಮೊದಲು. ಅವಳು ಹೋಲಿಸಿದ್ದು ಅದರ ಜೊತೆ. ಅದು ಅವಳ ಹುಟ್ಟಿನದು. ಆದರೆ 2018ರ ಸೆಪ್ಟೆಂಬರಿನಲ್ಲಿ ಅವಳ ಒಸಡಿನಿಂದ ಬರುತ್ತಿದ್ದ ರಕ್ತ, ಉಗುಳಿನಲ್ಲಿ ತೇಲುತ್ತಿದ್ದ ಬಿಳಿಕಣ, ಯಾವುದೂ ಅವಳ ಹುಟ್ಟಿನದಲ್ಲ. ಮನೆಯಲ್ಲಿ ದಿನವೂ ಆಡಿ ನಕ್ಕ ಮಾತು, ಕೆಲಸದ ಮೇಜಿನ ಹತ್ತಿರ ನಮ್ಮಿಬ್ಬರಲ್ಲಿ ಯಾರಿಗೂ ನೆನಪಾಗಲಿಲ್ಲ. 'ನನ್ನದು' ಎಂದು ಹೋಲಿಸುವಾಗ ಅವಳು ತಾನು ಹುಟ್ಟಿ ಬಂದದ್ದನ್ನೇ ನೋಡಿಕೊಂಡಳು. ಯಾರಾದರೂ ಹಾಗೇ ನೋಡಿಕೊಳ್ಳುತ್ತಾರೆ.

ಸೋಮವಾರ ಕೆನ್ನೆಯ ಒಳಗೆ ಹತ್ತಿಕಡ್ಡಿ ಆಡಿಸಿ, ಹೆಸರಿನ ಬದಲು ಒಂದು ಸಂಖ್ಯೆ ಬರೆದು ಕೆಳಗೆ ಕಳಿಸಿದೆ. ಫಲಿತಾಂಶ ಬಂದ ದಿನ ಎರಡು ಸಾಲುಗಳನ್ನು ಪರದೆಯ ಮೇಲೆ ಒಂದರ ಕೆಳಗೊಂದು ಇಟ್ಟೆ. ಮೇಲಿನದು ಮಗುವಿನ ಮೂಳೆಯ ಮೇಲಿದ್ದ ಹೆಂಗಸಿನದು. ಕೆಳಗಿನದು ನನ್ನದು. ಒಂದು ಅಕ್ಷರವೂ ಬೇರೆಯಿರಲಿಲ್ಲ.

ಆ ಎಳೆ ನನ್ನ ಅಪ್ಪನದಲ್ಲ, ದೊಡ್ಡಪ್ಪನ ಮನೆಯದಲ್ಲ. ಅದು ನನ್ನ ಅಮ್ಮನದು. ಈ ತಾಯಿ ಯಾರೋ ಎಂದು ಅಕ್ಕ ತಿಂಗಳುಗಟ್ಟಲೆ ಹುಡುಕಿದ್ದು, ತಾನು ಕಂಡಿದ್ದ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ ಚಿಕ್ಕಮ್ಮನನ್ನು.

ನಿಯಾಂಡರ್ತಾಲರದು ನೂರಕ್ಕೆ ಎರಡು ಪಾಲು ನಮ್ಮಲ್ಲಿ ಉಳಿದಿದ್ದರೂ, ಅವರ ತಾಯಂದಿರ ಎಳೆ ಇಂದು ಬದುಕಿರುವ ಯಾರಲ್ಲೂ ಸಿಕ್ಕಿಲ್ಲ. ಅದಕ್ಕೆ ದೊಡ್ಡ ಅನಾಹುತವೇ ಆಗಬೇಕೆಂದಿಲ್ಲ. ಒಬ್ಬಳಿಗೆ ಗಂಡುಮಕ್ಕಳು ಮಾತ್ರ, ಇನ್ನೊಬ್ಬಳಿಗೆ ಮಕ್ಕಳೇ ಇಲ್ಲ. ಹಾಗೆ ಎಲ್ಲೋ ನಿಂತುಹೋಗುತ್ತದೆ. ನನ್ನ ಅಮ್ಮನಿಗೆ ನಾನೊಬ್ಬಳೇ. ನನಗೆ ಮಕ್ಕಳಿಲ್ಲ.

ಕೊಠಡಿಯ ಟೆಕ್ನಿಷಿಯನ್ ಹತ್ತಿರ ಹೋದೆ. ಅಕ್ಕನಿಗಿಂತ ಹಿರಿಯರು, ಅವಳ ಜೊತೆ ಹಲವು ವರ್ಷ ಕೆಲಸ ಮಾಡಿದವರು. ಅಂದು ಕೊಠಡಿಯ ಗಾಜಿನ ಗೋಡೆಯ ಈಚೆ ಇದ್ದವರು ಅವರೊಬ್ಬರೇ. ಯಂತ್ರ ನಡುವೆ ಯಾಕೆ ನಿಂತಿತು ಎಂದು ಕೇಳಿದೆ. ಅವರು ಕೈಯಲ್ಲಿದ್ದ ಗ್ಲೌಸುಗಳನ್ನು ಮಡಚಿದರು, ಬಿಚ್ಚಿದರು.

"ಮಾತಾಡ್ತಿದ್ರು ಅನ್ಸುತ್ತೆ," ಎಂದರು.

"ಯಾರ ಹತ್ರ?"

"ಇನ್ಯಾರಿದ್ರು ಒಳಗೆ? ಬಗ್ಗಿದ್ರು. ಮುಖದ ಪರದೆ ಮೇಲೆ ಸರಿಸಿದ್ರು, ಮಂಜು ಕಟ್ಟಿತ್ತೇನೋ. ಮಾಸ್ಕ್ ಅಲ್ಲಾಡ್ತಿತ್ತು. ಇಷ್ಟು ವರ್ಷದಲ್ಲಿ ಒಂದು ದಿನ ಹಾಗೆ ಮಾಡಿದೋರಲ್ಲ. ನಾನು ಗಾಜು ತಟ್ಟಬೇಕಿತ್ತು."

"ಯಾಕೆ ತಟ್ಟಲಿಲ್ಲ?"

"ಮಗು ಮಲಗಿಸೋವಾಗ ಯಾರಾದ್ರೂ ಬಾಗಿಲು ತಟ್ತಾರಾ?" ಎಂದರು. ಆಮೇಲೆ ಸೇರಿಸಿದರು, "ಒಳಗಿನದು ಈಚೆ ಕೇಳಲ್ಲ. ಏನಂದ್ರು ಅಂತ ಕೇಳ್ಬೇಡಿ."

ದೊಡ್ಡಮ್ಮನಿಗೆ ಹೇಳುವುದು ಉಳಿದಿತ್ತು. ಅಡುಗೆಮನೆಯ ಮೇಜಿನ ಎದುರುಬದುರು ಕೂತು, ಆದಷ್ಟು ಸರಳವಾಗಿ ಹೇಳಿದೆ.

"ಹಾಗಾದ್ರೆ ಆ ಕಾಲದಲ್ಲಿ ಆ ಮಗುನ ಯಾರೂ ಮುಟ್ಲಿಲ್ವಾ?"

"ಮುಟ್ಟಿರ್ತಾರೆ ದೊಡ್ಡಮ್ಮ. ಅವರಮ್ಮ ಇದ್ದಿರ್ತಾಳಲ್ಲ. ನಮ್ಮವಳು ಯಾರೂ ಮುಟ್ಲಿಲ್ಲ. ಇಲ್ಲಾ ಮುಟ್ಟಿದ್ರೂ ನಮಗೆ ಗೊತ್ತಾಗಲ್ಲ."

"ಇವಳು ಕಂಡಿದ್ದು ಸುಳ್ಳು."

"ತಪ್ಪು. ಸುಳ್ಳಲ್ಲ."

ಅವರು ಮೇಜಿನ ಮೇಲೆ ಇಲ್ಲದ ಕಲೆಯೊಂದನ್ನು ಬೆರಳಿನಿಂದ ಉಜ್ಜುತ್ತಿದ್ದರು. "ಆಸ್ಪತ್ರೇಲಿ ಕೊನೇಗೆ ಅಷ್ಟು ದಿನ ಬಾಯಿಗೆ ಕೊಳವೆ," ಎಂದರು. "ಏನೋ ಹೇಳೋಕೆ ಬಂದಿತ್ತು ಅವಳಿಗೆ. ಕಣ್ಣಲ್ಲಿ ಕಾಣೋದು. ನಾನು ಹೌದು ಹೌದು ಅಂತಿದ್ದೆ, ಏನಕ್ಕೆ ಹೌದು ಅಂತ ಗೊತ್ತಿಲ್ದೆ." ಆಮೇಲೆ ನನ್ನನ್ನು ನೋಡಿದರು. "ಆ ಮಗುಗೆ ಹೇಳಿದ್ದನ್ನ ನೀವು ಓದೋಕಾಗಲ್ವಾ? ಅಷ್ಟೆಲ್ಲ ಓದ್ತೀರಲ್ಲ."

"ಹೇಳಿದ್ಲು ಅಂತ ಮಾತ್ರ ಗೊತ್ತಾಗುತ್ತೆ. ಏನು ಹೇಳಿದ್ಲು ಅಂತ ಆಗಲ್ಲ."

ಅವರು ಎದ್ದು ಒಲೆಯ ಹತ್ತಿರ ಹೋಗಿ, ಆರಿದ್ದ ಒಲೆಯನ್ನು ಮತ್ತೆ ಆರಿಸಿದರು.

ಉಳಿದಿದ್ದ ಪುಡಿ 21 ಮಿಲಿಗ್ರಾಂ. ಮಗುವಿನ ಬಗ್ಗೆ ನಂಬಬಹುದಾದ ಏನನ್ನಾದರೂ ಹೇಳಬೇಕಾದರೆ ಅದನ್ನು ಬ್ಲೀಚಿನಲ್ಲಿ ತೊಳೆಯಬೇಕು. ಮೇಲಿನದು ಹೋಗುತ್ತದೆ, ಮೂಳೆಯ ಕಣಗಳೊಳಗೆ ಅಡಗಿದ್ದು ಒಂದಿಷ್ಟು ಉಳಿಯುತ್ತದೆ. ಮುಖ್ಯಸ್ಥರಿಗೆ ವಿಷಯ ತಿಳಿಸಿದೆ.

"ಲೇಖನ ಈಗ ನಿಮ್ಮದು," ಎಂದರು. "ಸ್ವಲ್ಪ ಪುಡಿನ ತೊಳೀದೆ ಹಾಗೇ ಇಟ್ಕೊಳ್ಳೋಣ ಅಂದ್ರೆ ಇಟ್ಕೊಳ್ಳೋಣ. ಯಾರೂ ಕೇಳಲ್ಲ."

ಅಕ್ಕನ ಜೊತೆ ನನ್ನ ರಕ್ತವೂ ಹೋಯಿತು. ಅವಳ ಮೈಯಲ್ಲಿ ಓಡಿದ ನನ್ನ ರಕ್ತ ಉಳಿದಿದ್ದದ್ದು ಎರಡೇ ಕಡೆ, ಒಂದು ಬ್ರಷ್ಷಿನ ಬುಡದಲ್ಲಿ, ಇನ್ನೊಂದು ಒಂದು ಮಗುವಿನ ಕಿವಿಯಲ್ಲಿ. ಬ್ರಷ್ಷನ್ನು ದೊಡ್ಡಮ್ಮ ತೊಳೆದು ಎತ್ತಿಟ್ಟುಕೊಂಡಿದ್ದರು. ತೊಳೆಯಬೇಡಿ ಎನ್ನಲು ನನಗೆ ಹೊಳೆದಿರಲಿಲ್ಲ.

21 ಮಿಲಿಗ್ರಾಂ ಎರಡು ಪಾಲಿಗೆ ಸಾಲದು. ನನಗಾಗಿ ಒಂದು ಪಾಲು ತೆಗೆದಿಟ್ಟರೆ ಮಗುವಿಗೆ ಕೊರತೆಯಾಗುತ್ತದೆ. ಆ ಮಗುವಿಗೆ ಇದ್ದದ್ದೇ ಅಷ್ಟು. ಅಕ್ಕನಾಗಿದ್ದರೆ ಕೇಳುವ ಮೊದಲೇ ತೊಳೆದಿರುತ್ತಿದ್ದಳು, ತೊಳೆಯುತ್ತ ನನ್ನನ್ನು ಬೈದಿರುತ್ತಿದ್ದಳು.

"ಪೂರ್ತಿ ತೊಳೀರಿ," ಎಂದೆ.

ಗಾಜಿನ ಈಚೆ ನಿಂತು ನೋಡಿದೆ. ಟೆಕ್ನಿಷಿಯನ್ ಪುಟ್ಟ ನಳಿಕೆಗೆ ದ್ರವ ಬಿಟ್ಟು, ನಿಧಾನ ಅಲ್ಲಾಡಿಸಿ, ಹೊತ್ತು ನೋಡುತ್ತ ಕಾದರು. ಪುಡಿ ತಳಕ್ಕೆ ಇಳಿಯಿತು. ಮೇಲಿನ ನೀರನ್ನು ಹೀರಿ ತೆಗೆದು ಕಸದ ಬಾಟಲಿಗೆ ಬಿಟ್ಟರು. ಅದಕ್ಕೆ ಬಣ್ಣವಿರಲಿಲ್ಲ. ನೋಡಿದರೆ ಬರೀ ನೀರು. ಅವರು ಒಮ್ಮೆ ತಲೆಯೆತ್ತಿ ನನ್ನ ಕಡೆ ನೋಡಿದರು. ಅವರ ಮಾಸ್ಕ್ ಅಲ್ಲಾಡಲಿಲ್ಲ.

ಹೊಸ ಲೆಕ್ಕ ಮೂರು ವಾರದ ಮೇಲೆ ಬಂತು. ಮಗು ಹೆಣ್ಣು ಎಂದು ಈಗ ಖಚಿತವಾಗಿ ಹೇಳಬಹುದು. ಅವಳ ತಾಯಿಯ ಎಳೆ ಒಂದು ಕಡೆಯೂ ತಡವರಿಸದೆ ಪೂರ್ತಿ ಓದಲು ಬಂದಿದೆ. ಲೇಖನದ ಮೊದಲ ಹೆಸರು ಅಕ್ಕನದು. ಮುಟ್ಟಿದವಳ ವಿಷಯ ಅದರಲ್ಲಿಲ್ಲ. ಕೋಷ್ಟಕದ ಕೊನೆಯಲ್ಲಿ, ಎಂದಿನಂತೆ, ನಮ್ಮ ಪಾಲು: ಶೇಕಡಾ 0.1.